ಅರ್ಥ ಆಯ್ತಾ?

ಕಳೆದ ಸೆಮಿಸ್ಟರಿನಲ್ಲಿ ನನ್ನದೇ ಒಂದು ಕ್ಲಾಸನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ದೊಡ್ಡ ಉದ್ದೇಶವೇನೂ ಇರಲಿಲ್ಲ. ಹುಷಾರಿಲ್ಲದೆ ರಜೆ ಹಾಕಿದ್ದ ಇಬ್ಬರು ಕೇಳಿದ್ದರು, ಕಳಿಸೋಣ ಅಂತ. ಕಳಿಸುವ ಮೊದಲು ದನಿ ಸರಿಯಾಗಿ ಬಂದಿದೆಯಾ ನೋಡೋಣ ಅಂತ ಇಯರ್‌ಫೋನ್ ಹಾಕಿಕೊಂಡು ಕೂತೆ. ಎರಡು ನಿಮಿಷ ಕೇಳಿ ಬಿಡೋಣ ಅಂದುಕೊಂಡವಳು ಪೂರ್ತಿ ಐವತ್ತು ನಿಮಿಷ ಕೇಳಿದೆ. ಪಾಠ ಅಷ್ಟು ಚೆನ್ನಾಗಿತ್ತು ಅಂತೇನಲ್ಲ. ಒಂದೇ ಮಾತು ಮತ್ತೆ ಮತ್ತೆ ಬಂದು ಕಿವಿಗೆ ಚುಚ್ಚುತ್ತಿತ್ತು.

"ಅರ್ಥ ಆಯ್ತಾ?"

ಎಷ್ಟು ಸಲ ಅಂದಿದ್ದೇನೆ ಅಂತ ಕಾಗದದ ಮೇಲೆ ಗೀಟು ಹಾಕುತ್ತಾ ಹೋದೆ. ಇಪ್ಪತ್ತು ದಾಟಿದ ಮೇಲೆ ನಾಚಿಕೆಯಾಗಿ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಮುಜುಗರ ಆಗಿದ್ದು ಅದರ ಬೆನ್ನಿಗೇ ಬರುತ್ತಿದ್ದ ಮಾತಿಗೆ. "ಅರ್ಥ ಆಯ್ತಾ? ಸರಿ, ಮುಂದಿನದು ನೋಡೋಣ." ಎರಡರ ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಜಾಗ ಇಲ್ಲ. ಅರ್ಥ ಆಗಿಲ್ಲ ಅಂತ ಯಾರಿಗಾದರೂ ಹೇಳಬೇಕು ಅನಿಸಿದ್ದರೂ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನ ಸ್ಲೈಡಿಗೆ ಹೋಗಿಬಿಟ್ಟಿರುತ್ತಿದ್ದೆ. ಮುಂದಿನ ಬೆಂಚಿನಿಂದ ಮಾತ್ರ ಪ್ರತಿ ಸಲವೂ ಸಣ್ಣಗೆ ಒಂದು "ಹೂಂ" ಕೇಳುತ್ತಿತ್ತು.

ಹೂಂಗುಟ್ಟುವುದು ಅಂತ ನಮ್ಮಲ್ಲಿ ಒಂದು ಚಂದದ ಮಾತಿದೆ. ಕಥೆ ಕೇಳುವವರು ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಹೇಳುವವರಿಗೆ ಹುರುಪು ಬರುವುದಿಲ್ಲ. ಆದರೆ ಆ ಹೂಂಗೆ ಇರುವ ಅರ್ಥ ಇಷ್ಟೇ: ನಾನಿನ್ನೂ ಎದ್ದಿದ್ದೇನೆ, ನೀವು ಹೇಳಿ. ಕಥೆಗೆ ಅಷ್ಟು ಸಾಕು. ನಾನು ಪಾಠ ಮಾಡುವುದು ಸಂಖ್ಯಾಶಾಸ್ತ್ರ. ಅಲ್ಲೂ ಇಷ್ಟು ವರ್ಷ ಆ ಹೂಂ ನಂಬಿಕೊಂಡೇ ಸಿಲಬಸ್ ಮುಗಿಸಿದ್ದೇನೆ ಅಂತ ಅವತ್ತು ಗೊತ್ತಾಯಿತು.

ಮೇರಿ ಬಡ್ ರೋ ಅಂತ ಅಮೆರಿಕದ ಒಬ್ಬ ಸಂಶೋಧಕಿ ಇದ್ದರು. ಶಾಲೆಗಳ ವಿಜ್ಞಾನ ಪಾಠದ ಟೇಪುಗಳನ್ನು ರಾಶಿಗಟ್ಟಲೆ ಇಟ್ಟುಕೊಂಡು ಕೇಳಿದವರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಅವರು ಅಳೆದರು. ಸರಾಸರಿ ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬರದಿದ್ದರೆ ಮೇಷ್ಟ್ರು ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಅದನ್ನೇ ಮೂರು ಸೆಕೆಂಡಿಗೆ ಎಳೆದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಗುತ್ತದೆ, ಅವರೇ ತಿರುಗಿ ಪ್ರಶ್ನೆ ಕೇಳುವುದು ಹೆಚ್ಚುತ್ತದೆ ಅಂತ 1970ರ ದಶಕದಲ್ಲೇ ಅವರು ಬರೆದರು. ನನಗೆ ಜಾಸ್ತಿ ತಟ್ಟಿದ್ದು ಅವರು ಹೇಳಿದ ಎರಡನೇ ಕಾಯುವಿಕೆ. ವಿದ್ಯಾರ್ಥಿ ಉತ್ತರ ಕೊಟ್ಟ ಮೇಲೂ ತಕ್ಷಣ "ಗುಡ್" ಅನ್ನದೆ ಸ್ವಲ್ಪ ತಡೆಯಬೇಕಂತೆ. ಹಾಗೆ ತಡೆದರೆ ಅವರು ಅರ್ಧಕ್ಕೆ ಬಿಟ್ಟಿದ್ದನ್ನು ಅವರೇ ಮುಂದುವರಿಸುತ್ತಾರೆ.

ಮೂರು ಸೆಕೆಂಡು ತಾನೇ, ಅದೇನು ಮಹಾ ಅಂದುಕೊಂಡೆ. ಮಾರನೇ ದಿನ ಕ್ಲಾಸಿಗೆ ಹೋಗಿ ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ನಿಂತೆ. ಒಂದು. ಫ್ಯಾನಿನ ಸದ್ದು. ಎರಡು. ಅರವತ್ತು ಜನ ಒಟ್ಟಿಗೆ ನೋಟ್‌ಬುಕ್ ಕಡೆ ತಲೆ ತಗ್ಗಿಸಿದರು, ಅಲ್ಲಿ ಇನ್ನೂ ಏನೂ ಬರೆದಿರಲಿಲ್ಲ. ಯಾರದೋ ಪೆನ್ನು ಕೆಳಗೆ ಬಿತ್ತು. ಮೂರು ಅನ್ನುವಷ್ಟರಲ್ಲಿ ನನ್ನ ಬಾಯಿಂದ ತಾನಾಗಿಯೇ ಉತ್ತರ ಹೊರಗೆ ಬಂದಿತ್ತು. ಬೋರ್ಡಿನ ಪಕ್ಕ ನಿಂತವರಿಗೆ ಮೌನ ಅಂದರೆ ಸೋಲು. ಪಾಠ ಕೆಟ್ಟುಹೋಯಿತೇನೋ, ತಮಗೇ ಬರುವುದಿಲ್ಲ ಅಂದುಕೊಂಡರೇನೋ ಅಂತ ಅಂಗೈ ಬೆವರುತ್ತದೆ. ಬೆಂಚಿನಲ್ಲಿ ಕೂತವರಿಗೆ ಅದೇ ಮೌನ ಒಂದು ಉಪಾಯ. ಇನ್ನು ಸ್ವಲ್ಪ ಹೊತ್ತು ತಡೆದರೆ ಮೇಡಂ ತಾವೇ ಹೇಳುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅಲ್ವಾ? ನಾವೇ ಕಲಿಸಿದ ಪಾಠ ಅದು.

ನಾನೂ ಆ ಬೆಂಚಿನಲ್ಲಿ ಕೂತು ಬಂದವಳೇ. ಡಿಗ್ರಿಯ ಮೊದಲ ತಿಂಗಳು ಒಂದು ಸಲ ಕೈ ಎತ್ತಿದ್ದೆ. ಏನು ಕೇಳಿದೆ ಅಂತ ಈಗ ನೆನಪಿಲ್ಲ, ಬಂದ ಉತ್ತರ ಮಾತ್ರ ನೆನಪಿದೆ. "ಇದು ಹೋದ ವರ್ಷವೇ ಬರಬೇಕಿತ್ತಲ್ಲಮ್ಮಾ." ಮೇಷ್ಟ್ರು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹಿಂದೆ ಇಬ್ಬರು ಕಿಸಕ್ ಅಂದರು, ಅಷ್ಟೇ. ಆಮೇಲೆ ಮೂರು ವರ್ಷ ನಾನು ಕೈ ಎತ್ತಲಿಲ್ಲ. ಅವರಿಗೆ ಅದು ಮರೆತೇ ಹೋಗಿರುತ್ತದೆ. ಅವರು ಒಳ್ಳೆಯವರೇ.

ವಿದ್ಯಾರ್ಥಿಗಳು ಕೇಳುವುದಿಲ್ಲ ಅನ್ನುವುದಕ್ಕೆ ಭಯ, ಸಂಕೋಚ, ಸೋಮಾರಿತನ ಅಂತ ಕಾರಣ ಕೊಡುತ್ತೇವೆ. ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಆದರೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಅರ್ಥ ಆಗದೇ ಇರುವುದು ಮೊದಲಿಗೆ ಪ್ರಶ್ನೆಯ ರೂಪದಲ್ಲಿ ಇರುವುದೇ ಇಲ್ಲ. ತಲೆಯೊಳಗೆ ಏನೋ ಮಸುಕು ಮಸುಕು, ಎಲ್ಲೋ ಒಂದು ಮೆಟ್ಟಿಲು ತಪ್ಪಿದ ಹಾಗೆ. ಆ ಮಸುಕನ್ನು "ಎರಡನೇ ಸಾಲಿನಿಂದ ಮೂರನೇ ಸಾಲು ಹೇಗೆ ಬಂತು?" ಅನ್ನುವ ವಾಕ್ಯ ಮಾಡಬೇಕಾದರೆ ವಿಷಯ ಅರ್ಧ ಗೊತ್ತಿರಬೇಕು. ಏನೂ ಗೊತ್ತಾಗದವರಿಗೆ ಕೇಳಲೂ ಬರುವುದಿಲ್ಲ. "ಡೌಟ್ ಇದ್ರೆ ಕೇಳಿ" ಅನ್ನುವ ಮಾತು ಅದಕ್ಕೇ ಚೆನ್ನಾಗಿ ಓದುವವರಿಗೆ ಮಾತ್ರ ಕೊಟ್ಟ ಆಹ್ವಾನದ ಹಾಗೆ ಆಗಿಬಿಡುತ್ತದೆ.

ಇದೇನು ಇವತ್ತಿನ ಗೋಳಲ್ಲ. ಹದಿನಾಲ್ಕನೇ ಶತಮಾನದ ಒಂದು ಪುಟ್ಟ ಚಿತ್ರ ಇದೆ, ಲಾರೆನ್ಷಿಯಸ್ ಡಿ ವೋಲ್ಟೊಲಿನಾ ಅನ್ನುವವರು ಬರೆದಿದ್ದು. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಒಂದು ತರಗತಿ. ಎತ್ತರದ ಪೀಠದಲ್ಲಿ ಮೇಷ್ಟ್ರು ಪುಸ್ತಕ ಬಿಡಿಸಿಕೊಂಡು ಕೂತಿದ್ದಾರೆ. ಮುಂದಿನ ಬೆಂಚಿನವರು ಶ್ರದ್ಧೆಯಿಂದ ಕೇಳುತ್ತಿದ್ದಾರೆ. ಹಿಂದೆ ಹೋದಂತೆ ಮಾತುಕತೆ ನಡೆದಿದೆ. ಒಬ್ಬ ಡೆಸ್ಕಿನ ಮೇಲೆ ಒರಗಿ ಸುಖವಾಗಿ ನಿದ್ದೆ ಮಾಡುತ್ತಿದ್ದಾನೆ. ಆರು ನೂರು ಚಿಲ್ಲರೆ ವರ್ಷ ಕಳೆದರೂ ಕೂರುವ ಕ್ರಮ ಕೂಡ ಬದಲಾಗಿಲ್ಲ! ಈ ಚಿತ್ರವನ್ನು ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ತೋರಿಸುತ್ತೇನೆ. ಹಿಂದಿನ ಬೆಂಚಿನವರಿಗೆ ಬಹಳ ಖುಷಿಯಾಗುತ್ತದೆ.

'ಲೆಕ್ಚರ್' ಅನ್ನುವ ಮಾತು ಹುಟ್ಟಿದ್ದೇ ಓದುವುದು ಅನ್ನುವ ಲ್ಯಾಟಿನ್ ಪದದಿಂದ. ಪುಸ್ತಕವನ್ನು ಕೈಯಲ್ಲೇ ನಕಲು ಮಾಡಬೇಕಿದ್ದ ಕಾಲ. ಒಂದು ಪ್ರತಿ ಅಂದರೆ ಭಾರಿ ಬೆಲೆ. ಮೇಷ್ಟ್ರು ಗಟ್ಟಿಯಾಗಿ ಓದಿ ವಿವರಿಸಬೇಕು, ಉಳಿದವರು ಕೇಳಬೇಕು. ಓದುವ ವೇಗ ಎಷ್ಟಿರಬೇಕು ಅನ್ನುವುದಕ್ಕೇ ಆಗ ಜಗಳ ಆಗಿದೆ. 1355ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದವರು ಒಂದು ನಿಯಮ ಮಾಡಿದರು. ವಿದ್ಯಾರ್ಥಿಗಳು ಬರೆದುಕೊಳ್ಳಲಿ ಅಂತ ನಿಧಾನವಾಗಿ ಡಿಕ್ಟೇಟ್ ಮಾಡಬಾರದು, ಎದುರಿಗೆ ಯಾರೂ ಬರೆಯುತ್ತಿಲ್ಲ ಅನ್ನುವ ಹಾಗೆ ಸರಾಗವಾಗಿ ಮಾತಾಡಬೇಕು ಅಂತ. ಇದನ್ನು ವಿರೋಧಿಸಿ ಕೂಗಿದರೆ, ಸಿಳ್ಳೆ ಹೊಡೆದರೆ, ಕಲ್ಲು ಎಸೆದರೆ ಶಿಕ್ಷೆ ಅಂತಲೂ ಅದರಲ್ಲಿ ಸೇರಿಸಿದರು. ಕಲ್ಲಿನ ಮಾತು ಬಂದಿದೆ ಅಂದಮೇಲೆ ನೋಟ್ಸ್ ಬೇಕು ಅನ್ನುವವರ ಸಿಟ್ಟು ಎಷ್ಟಿತ್ತು ನೋಡಿ. ಬೊಲೊನ್ಯಾದಲ್ಲಿ ಇನ್ನೂ ಮಜವಾಗಿತ್ತು. ಅಲ್ಲಿ ವಿದ್ಯಾರ್ಥಿಗಳ ಸಂಘಗಳದ್ದೇ ಯಜಮಾನಿಕೆ. ಮೇಷ್ಟ್ರು ತಡವಾಗಿ ಬಂದರೆ ದಂಡ, ಪಾಠದ ಭಾಗ ಹಾರಿಸಿದರೆ ದಂಡ. ಈ ಭಾಗವನ್ನು ಮಾತ್ರ ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ.

ಅಚ್ಚಿನ ಪುಸ್ತಕ ಬಂತು, ಜೆರಾಕ್ಸ್ ಬಂತು, ಈಗ ಫೋನಿನಲ್ಲಿ ಬೋರ್ಡಿನ ಫೋಟೊ ಹೊಡೆಯುತ್ತಾರೆ. ಓದಿ ಹೇಳುವ ಅಗತ್ಯ ಹೋಗಿ ಎಷ್ಟೋ ಕಾಲ ಆಯಿತು. ಆದರೂ ಸ್ಲೈಡಿನಲ್ಲಿ ಇರುವುದನ್ನೇ ಸ್ಲೈಡಿಗೆ ಮುಖ ಮಾಡಿ ಓದುವವರು ಇದ್ದಾರೆ. ನಾನೂ ಓದಿದ್ದೇನೆ, ಸುಸ್ತಾದ ದಿನಗಳಲ್ಲಿ.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಎರಿಕ್ ಮಝೂರ್ ಅವರ ಕಥೆ ಪಾಠ ಮಾಡುವವರ ನಡುವೆ ತುಂಬಾ ಓಡಾಡುತ್ತದೆ. ಅವರ ಕ್ಲಾಸಿಗೆ ಒಳ್ಳೆಯ ಹೆಸರಿತ್ತು, ವಿದ್ಯಾರ್ಥಿಗಳು ಕಷ್ಟದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಒಂದು ದಿನ ಲೆಕ್ಕವೇ ಇಲ್ಲದ, ಬರೀ ಮಾತಿನ ಪ್ರಶ್ನೆಗಳ ಪರೀಕ್ಷೆ ಕೊಟ್ಟರು. ಭಾರದ ಲಾರಿ ಹಗುರ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಅನ್ನುವಂಥವು. ಎರಡೂ ಸಮ ಅಂತ ನ್ಯೂಟನ್ ನಿಯಮ ಬಾಯಿಪಾಠ ಇದ್ದವರೇ ತಡವರಿಸಿದರು. ಒಬ್ಬ ವಿದ್ಯಾರ್ಥಿನಿ ಕೇಳಿಯೇಬಿಟ್ಟಳು: ಇದಕ್ಕೆ ನೀವು ಹೇಳಿಕೊಟ್ಟ ಹಾಗೆ ಉತ್ತರ ಬರೆಯಬೇಕಾ, ಇಲ್ಲಾ ನನಗೆ ಅನಿಸುವ ಹಾಗೆ ಬರೆಯಬೇಕಾ?

ಈ ಪ್ರಶ್ನೆ ಓದಿದಾಗ ನಾನು ನಕ್ಕೆ. ಆಮೇಲೆ ನಗು ನಿಂತಿತು. ತಲೆಯೊಳಗೆ ಎರಡು ಖಾತೆ. ಪರೀಕ್ಷೆಗೆ ಒಂದು, ಬದುಕಿಗೆ ಒಂದು. ಎರಡಕ್ಕೂ ಮುಖಾಮುಖಿ ಆಗುವುದೇ ಇಲ್ಲ. ಹೂಂಗುಟ್ಟುವುದು ಮೊದಲನೇ ಖಾತೆ. ಎರಡನೆಯದು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತಿರುತ್ತದೆ.

ಮಝೂರ್ ಒಮ್ಮೆ ಒಂದೇ ವಿಷಯವನ್ನು ಬೇರೆ ಬೇರೆ ರೀತಿ ವಿವರಿಸಿ ಸಾಕಾಗಿ, ಪಕ್ಕದವರ ಜೊತೆ ನೀವೇ ಮಾತಾಡಿಕೊಳ್ಳಿ ಅಂದುಬಿಟ್ಟರಂತೆ. ಹಾಲ್ ತುಂಬಾ ಗಲಾಟೆ. ಸ್ವಲ್ಪ ಹೊತ್ತಿಗೆ ವಿದ್ಯಾರ್ಥಿಗಳಿಗೆ ತಾವಾಗಿಯೇ ಅರ್ಥ ಆಗಿತ್ತು. 1991ರಿಂದ ಅವರು ಪಾಠವನ್ನೇ ಹೀಗೆ ಬದಲಾಯಿಸಿದರು. ಒಂದು ಪ್ರಶ್ನೆ ಕೊಡುವುದು. ಮೊದಲು ಒಬ್ಬೊಬ್ಬರೇ ಯೋಚಿಸಿ ಒಂದು ಉತ್ತರಕ್ಕೆ ವೋಟು ಹಾಕುವುದು. ಪಕ್ಕದವರ ಜೊತೆ ವಾದ ಮಾಡುವುದು. ಮತ್ತೆ ವೋಟು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಒಂದು ವಿಷಯವನ್ನು ಐದು ನಿಮಿಷದ ಹಿಂದೆ ತಿಳಿದುಕೊಂಡವನಿಗೆ ಎಲ್ಲಿ ಎಡವಿದೆ ಅನ್ನುವುದು ಇನ್ನೂ ಹಸಿಯಾಗಿ ನೆನಪಿರುತ್ತದೆ. ಮೇಷ್ಟ್ರಿಗೆ ಎಡವಿದ ಜಾಗ ಮರೆತು ವರ್ಷಗಳಾಗಿವೆ.

ನನ್ನ ಕ್ಲಾಸಿನಲ್ಲಿ ಇದನ್ನು ಮಾಡಲು ಒಂದು ಹಳೆಯ ಪ್ರಶ್ನೆ ತೆಗೆದುಕೊಂಡೆ. ಸಾವಿರದಲ್ಲಿ ಒಬ್ಬರಿಗೆ ಇರುವ ಒಂದು ಕಾಯಿಲೆ. ಅದಕ್ಕೊಂದು ಟೆಸ್ಟ್. ಕಾಯಿಲೆ ಇದ್ದವರನ್ನು ಅದು ತಪ್ಪದೆ ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ. ಆರೋಗ್ಯವಾಗಿ ಇರುವವರಲ್ಲಿ ನೂರಕ್ಕೆ ಐದು ಜನರಿಗೆ ಸುಮ್ನೆ ಪಾಸಿಟಿವ್ ತೋರಿಸುತ್ತದೆ. ಈಗ ಒಬ್ಬರಿಗೆ ಪಾಸಿಟಿವ್ ಬಂದಿದೆ. ಅವರ ಬಗ್ಗೆ ನಮಗೆ ಬೇರೆ ಏನೂ ಗೊತ್ತಿಲ್ಲ. ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ಇದೇ ವಿಷಯದ ಸೂತ್ರವನ್ನು ಹಿಂದಿನ ವಾರವಷ್ಟೇ ಮಾಡಿದ್ದೆ. ಪೂರ್ತಿ ಕ್ಲಾಸ್ ಹೂಂಗುಟ್ಟಿತ್ತು. ಈಗ ಕೈ ಎತ್ತಿಸಿದರೆ ಮುಕ್ಕಾಲು ಪಾಲು ಜನ 95 ಪರ್ಸೆಂಟ್ ಅಂದರು. ಉತ್ತರ ಹೇಳಲು ನಾಲಿಗೆ ತುರಿಸುತ್ತಿತ್ತು. ಡಸ್ಟರ್ ಗಟ್ಟಿಯಾಗಿ ಹಿಡಿದುಕೊಂಡು, "ಪಕ್ಕದವರು ಬೇರೆ ಉತ್ತರ ಹೇಳಿದ್ದರೆ ಒಪ್ಪಿಸಿ ನೋಡೋಣ" ಅಂದೆ.

ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಯಾರೋ ಇಬ್ಬರು ಸಿನಿಮಾ ವಿಷಯ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ಆಮೇಲೆ ನಿಧಾನಕ್ಕೆ ಸದ್ದು ಏರಿತು. ನಾನು ಬೆಂಚುಗಳ ನಡುವೆ ನಡೆದೆ. ಕೊನೆಯಿಂದ ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗ, ಎರಡು ವರ್ಷದಲ್ಲಿ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಅವನ ದನಿ ಕೇಳಿದವಳಲ್ಲ ನಾನು, ಪಕ್ಕದವನ ನೋಟ್‌ಬುಕ್ ಎಳೆದುಕೊಂಡು ಚುಕ್ಕಿ ಇಡುತ್ತಿದ್ದ.

"ಲೋ, ಸೂತ್ರ ಬಿಡೋ ಆ ಕಡೆ. ಸಾವಿರ ಜನನ್ನ ಗ್ರೌಂಡಲ್ಲಿ ನಿಲ್ಲಿಸು."

"ನಿಲ್ಲಿಸ್ದೆ."

"ಕಾಯಿಲೆ ಇರೋನು ಒಬ್ಬ. ಅವನಿಗೆ ಪಾಸಿಟಿವ್. ಮಿಕ್ಕಿದ್ದು ಎಷ್ಟು ಜನ?"

"ಒಂಬೈನೂರ ತೊಂಬತ್ತೊಂಬತ್ತು."

"ಅದ್ರಲ್ಲಿ ನೂರಕ್ಕೆ ಐದು ಜನಕ್ಕೆ ಸುಳ್ಳು ಪಾಸಿಟಿವ್ ಅಂದ್ರೆ?"

"ಐವತ್ತು... ಹತ್ತತ್ರ ಐವತ್ತು."

"ಹಾಂ. ಪಾಸಿಟಿವ್ ಬಂದೋರನ್ನೆಲ್ಲ ಒಂದ್ಕಡೆ ನಿಲ್ಲಿಸಿದ್ರೆ ಐವತ್ತೊಂದು ಜನ. ಅದ್ರಲ್ಲಿ ಕಾಯಿಲೆ ಇರೋನು?"

ಪಕ್ಕದವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಚುಕ್ಕಿಗಳನ್ನೇ ನೋಡಿದ. "ಥೂ, ಎರಡೇ ಪರ್ಸೆಂಟಾ!" ಅಂದ. ಆ 'ಥೂ' ಇದೆಯಲ್ಲ, ಅದಕ್ಕಾಗಿ ನಾನು ಎಷ್ಟು ಹೂಂ ಬೇಕಾದರೂ ಬಿಟ್ಟುಕೊಡುತ್ತೇನೆ. ಅವನ ಎರಡನೇ ಖಾತೆಗೆ ಏಟು ಬಿದ್ದ ಸದ್ದು ಅದು.

95 ಅಂದವರ ಮುಖ ಸಪ್ಪಗಾಗಿತ್ತು. ಅವರಿಗೆ 1978ರ ಒಂದು ಸಂಗತಿ ಹೇಳಿದೆ. ಹಾರ್ವರ್ಡ್ ಮೆಡಿಕಲ್ ಸ್ಕೂಲಿನಲ್ಲಿ ಇದೇ ಪ್ರಶ್ನೆಯನ್ನು ವೈದ್ಯರು, ವಿದ್ಯಾರ್ಥಿಗಳು ಸೇರಿ 60 ಜನರಿಗೆ ಕೇಳಿದ್ದರು. ಸರಿ ಹೇಳಿದವರು 11 ಜನ. ಎಲ್ಲಕ್ಕಿಂತ ಹೆಚ್ಚು ಸಲ ಬಂದ ಉತ್ತರ 95 ಪರ್ಸೆಂಟೇ. ಕ್ಲಾಸು ಸ್ವಲ್ಪ ಗೆಲುವಾಯಿತು.

ಹೀಗೆ ಮಾಡಿದರೆ ಎಲ್ಲರೂ ಕುಣಿದು ಕುಪ್ಪಳಿಸುತ್ತಾರೆ ಅಂದುಕೊಳ್ಳಬೇಡಿ. ಎರಡು ವಾರಕ್ಕೆ ಇಬ್ಬರು ಬಂದು, "ಮೇಡಂ, ನೀವೇ ಹೇಳ್ಬಿಟ್ರೆ ಬೇಗ ಆಗುತ್ತೆ. ಅವರ ಹತ್ರ ಏನ್ ಕಲಿಯೋದು?" ಅಂದರು. ಇಬ್ಬರೂ ಮುಂದಿನ ಬೆಂಚಿನವರು. ಬೇಜಾರಾಯಿತು. ಆಮೇಲೆ 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಮಾಡಿದ ಒಂದು ಅಧ್ಯಯನ ಓದಿದೆ. ಒಂದೇ ಪಾಠವನ್ನು ಕೆಲವರಿಗೆ ಚಂದದ ಉಪನ್ಯಾಸವಾಗಿ ಕೊಟ್ಟರು, ಕೆಲವರಿಗೆ ತಾವೇ ಗುದ್ದಾಡಿ ಕಲಿಯುವ ಹಾಗೆ ಕೊಟ್ಟರು. ಗುದ್ದಾಡಿದವರು ಹೆಚ್ಚು ಕಲಿತಿದ್ದರು. ಆದರೆ ಹೆಚ್ಚು ಕಲಿತೆವು ಅಂತ ಅನಿಸಿದ್ದು ಉಪನ್ಯಾಸ ಕೇಳಿದವರಿಗೆ! ಸರಾಗವಾಗಿ ಕೇಳಿಸಿಕೊಂಡದ್ದು ಬಂದೇಬಿಟ್ಟಿತು ಅನಿಸುತ್ತದೆ. ಈಜುವವರನ್ನು ದಡದಲ್ಲಿ ನಿಂತು ನೋಡಿದರೆ ಎಷ್ಟು ಸುಲಭ ಅನಿಸುವುದಿಲ್ಲವೇ, ಹಾಗೆ. ಇನ್ನೊಂದು ಲೆಕ್ಕವೂ ಇದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಜನ ಫೇಲಾಗುತ್ತಿದ್ದರು, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟ ಕಡೆ ಸುಮಾರು 22.

ಹಾಗಂತ ಉಪನ್ಯಾಸವೇ ಬೇಡ ಅನ್ನುವವರ ಜೊತೆ ನಾನಿಲ್ಲ. ನನಗೆ ಈ ವಿಷಯದ ಹುಚ್ಚು ಹಿಡಿಸಿದ್ದು ಎಂ.ಎಸ್ಸಿ.ಯಲ್ಲಿ ಒಬ್ಬ ಮೇಷ್ಟ್ರು. ಒಂದು ತುಂಡು ಚಾಕ್ ಹಿಡಿದು ಬರುತ್ತಿದ್ದರು, ನೋಟ್ಸ್ ಇಲ್ಲ, ಪುಸ್ತಕ ಇಲ್ಲ. ಗಂಟೆಗಟ್ಟಲೆ ಮಾತು. ನಮ್ಮನ್ನು ಒಂದು ಪ್ರಶ್ನೆ ಕೇಳಿದವರಲ್ಲ. ಆದರೆ ಬೋರ್ಡಿನ ನಡುವೆ ತಾವೇ ನಿಂತುಬಿಡುತ್ತಿದ್ದರು. "ಇಲ್ಲ, ಇದು ಸರಿಯಿಲ್ಲ ಅಲ್ವಾ" ಅಂತ ತಮಗೆ ತಾವೇ ಹೇಳಿಕೊಂಡು, ಅಳಿಸಿ, ಮತ್ತೆ ಶುರು ಮಾಡುತ್ತಿದ್ದರು. ಅವರು ನಿಂತಾಗ ನಮ್ಮ ತಲೆ ಓಡುತ್ತಿತ್ತು. ಕಾಯುವಿಕೆ ಅಲ್ಲೂ ಇತ್ತು, ಅವರಿಗೇ ಗೊತ್ತಿಲ್ಲದೆ.

ಮುಂದೆ ದೊಡ್ಡ ವಿಜ್ಞಾನಿಯಾದ ಮೈಕಲ್ ಫ್ಯಾರಡೆ ಕೂಡ ಬುಕ್ ಬೈಂಡಿಂಗ್ ಕಲಿಯುತ್ತಿದ್ದ ಹುಡುಗನಾಗಿದ್ದಾಗ, 1812ರಲ್ಲಿ, ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಅವರ ನಾಲ್ಕು ಉಪನ್ಯಾಸಗಳನ್ನು ಗ್ಯಾಲರಿಯಲ್ಲಿ ಕೂತು ಕೇಳಿದ್ದು. ಕೇಳಿದ್ದನ್ನೆಲ್ಲ ಆಮೇಲೆ ಬಿಡಿಸಿ ಬರೆದು, ಚಿತ್ರ ಹಾಕಿ, ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಸುಮಾರು ಮುನ್ನೂರು ಪುಟ. ಮುಂದಿನ ವರ್ಷ ಅವರ ಸಹಾಯಕನಾದ. ನಾಲ್ಕು ಉಪನ್ಯಾಸಕ್ಕೆ ಮುನ್ನೂರು ಪುಟ ಬರೆದವನನ್ನು ಸುಮ್ಮನೆ ಕೂತಿದ್ದ ಅನ್ನಲಾಗುತ್ತದೆಯೇ?

ಅದಕ್ಕೇ 'ಕ್ಲಾಸಿನಲ್ಲಿ ಭಾಗವಹಿಸಿದ್ದಕ್ಕೆ' ಅಂತ ಅಂಕ ಇಡುವುದನ್ನು ಕಂಡರೆ ನನಗೆ ಆಗುವುದಿಲ್ಲ. ಒಂದು ವರ್ಷ ಇಟ್ಟು ನೋಡಿದೆ. ಅದೇ ನಾಲ್ವರು ಇನ್ನಷ್ಟು ಮಾತಾಡಿದರು, ಅಷ್ಟೇ. ಪ್ರಶ್ನೆ ಕೇಳುವುದಕ್ಕೋಸ್ಕರ ಪ್ರಶ್ನೆ ಹುಟ್ಟಿಸಿದರು. ಹೆಸರು ಕರೆದು ಎಬ್ಬಿಸಿ ಕೇಳುವುದನ್ನೂ ಬಿಟ್ಟಿದ್ದೇನೆ. ಎದ್ದು ನಿಂತ ಹುಡುಗಿಯ ಕುತ್ತಿಗೆ ಕೆಂಪಾಗುವುದನ್ನು ನೋಡಿದಾಗ ನನಗೆ ಹಳೆಯ 'ಹೋದ ವರ್ಷವೇ' ನೆನಪಾಗುತ್ತದೆ. ಆನ್‌ಲೈನ್ ಕ್ಲಾಸಿನ ಕಪ್ಪು ಚೌಕಗಳ ಬಗ್ಗೆ ಹೇಳುವುದೇ ಬೇಡ. ಅಲ್ಲಿ ಹೂಂ ಕೂಡ ಇರಲಿಲ್ಲ.

ಕ್ಲಾಸ್ ಮುಗಿದ ಮೇಲೆ ಟೇಬಲ್ ಹತ್ತಿರ ಬಂದು ನಿಲ್ಲುವವರು ಇರುತ್ತಾರಲ್ಲ, ನಿಜವಾದ ಪ್ರಶ್ನೆಗಳು ಅವರ ಹತ್ತಿರ ಇರುತ್ತವೆ. ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಬೇರೆಯವರು ಹೋಗಲಿ ಅಂತ ಕಾದು, "ಮೇಡಂ, ಒಂದು ಚಿಕ್ಕ ಡೌಟು" ಅಂತ ಶುರು ಮಾಡುತ್ತಾರೆ. ಅದು ಚಿಕ್ಕದಾಗಿರುವುದೇ ಇಲ್ಲ. ಆ ಸಾಲನ್ನು ಕ್ಲಾಸಿನೊಳಗೇ ತರಬೇಕು ಅಂತ ಈಗ ಕೊನೆಯ ಮೂರು ನಿಮಿಷ ಚೀಟಿಗೆ ಬಿಟ್ಟಿದ್ದೇನೆ. ಹೆಸರು ಬೇಡ. ಇವತ್ತು ಎಲ್ಲಿ ದಾರಿ ತಪ್ಪಿತು, ಒಂದೇ ಸಾಲು. ಮೊದಲ ದಿನ ಬಂದ ಚೀಟಿಗಳಲ್ಲಿ ಅರ್ಧದಷ್ಟು "ಎಲ್ಲಾ ಅರ್ಥ ಆಯ್ತು, ಥ್ಯಾಂಕ್ ಯೂ ಮೇಡಂ". ಕಾಗದದ ಮೇಲೂ ಹೂಂ! ನಿಧಾನಕ್ಕೆ ಬದಲಾಯಿತು. "ಸಾಧ್ಯತೆ ಅಂದ್ರೆ ಏನು ಅಂತಲೇ ಗೊತ್ತಿಲ್ಲ, ಲೆಕ್ಕ ಮಾತ್ರ ಬರುತ್ತೆ" ಅಂತ ಒಂದು ಬಂತು. ಅದನ್ನು ಇನ್ನೂ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ. ಇನ್ನೊಂದರಲ್ಲಿ, "ನಿಮ್ಮ ಅಕ್ಷರದಲ್ಲಿ ಬಿ ಮತ್ತು 8 ಒಂದೇ ಥರ ಇದೆ, ಜೂನ್ ತಿಂಗಳಿಂದ." ನಾವು ಆಗ ಅಕ್ಟೋಬರಿನಲ್ಲಿದ್ದೆವು.

ಮೊನ್ನೆ ಮತ್ತೆ ರೆಕಾರ್ಡ್ ಮಾಡಿದೆ. ಈ ಸಲ ನನಗೋಸ್ಕರವೇ. "ಅರ್ಥ ಆಯ್ತಾ?" ಇನ್ನೂ ಹೋಗಿಲ್ಲ, ಆರು ಸಲ ಸಿಕ್ಕಿತು. ಇಪ್ಪತ್ತನೇ ನಿಮಿಷದ ಹತ್ತಿರ ಒಂದು ಕಡೆ ಪ್ರಶ್ನೆ ಕೇಳಿ ಸುಮ್ಮನಾಗಿದ್ದೇನೆ. ಫ್ಯಾನಿನ ಸದ್ದು. ಯಾರೋ ಕೆಮ್ಮಿದರು. ಬೆಂಚು ಕಿರ್ ಅಂತು. ಗಡಿಯಾರ ನೋಡಿಕೊಂಡು ಕೇಳಿದೆ, ಒಂಬತ್ತು ಸೆಕೆಂಡು. ಹತ್ತನೆಯದಕ್ಕೆ ಹಿಂದಿನಿಂದ, ಮೈಕಿಗೆ ಸರಿಯಾಗಿ ಸಿಗದ ಒಂದು ದನಿ:

"ಮೇಡಂ, ಪ್ರಶ್ನೆ ಇನ್ನೊಂದ್ಸಲ ಹೇಳ್ತೀರಾ?"